ಅಪ್‌ಡೇಟ್ ಕೊಡ್ಲಾ, ಬೇಡ್ವಾ?

ಹೊರನಾಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರಿಗೆಲ್ಲ ಸಂಬಳವಿಲ್ಲದ ಎರಡನೇ ಉದ್ಯೋಗ ಒಂದಿರುತ್ತದೆ: ಊರಿನ ಬಂಧುಬಳಗದ ಕಂಪ್ಯೂಟರ್, ಫೋನ್, ಪ್ರಿಂಟರ್‌ಗಳ ರಿಪೇರಿ ವಿಭಾಗ. ಅದಕ್ಕೆ ಶಿಫ್ಟ್ ಇಲ್ಲ, ರಜೆ ಇಲ್ಲ. ನಾನು ಹೈದರಾಬಾದಿಗೆ ಬಂದು ಒಂಬತ್ತು ವರ್ಷವಾಯಿತು. ಕಚೇರಿಯಲ್ಲಿ ನನ್ನ ಹುದ್ದೆ ಮೂರು ಸಲ ಬದಲಾಗಿದೆ, ಈ ಉದ್ಯೋಗ ಮಾತ್ರ ಕಾಯಂ. 'ಎಂ.ಟೆಕ್ ಮಾಡಿದೀಯ, ಒಂದು ಪ್ರಿಂಟರ್ ಸರಿ ಮಾಡಕ್ಕೆ ಬರಲ್ವಾ?' ಎಂಬ ಪ್ರಶ್ನೆಗೆ ಯಾವ ವಿಶ್ವವಿದ್ಯಾಲಯವೂ ಉತ್ತರ ಕಲಿಸಿ ಕಳಿಸುವುದಿಲ್ಲ.

ಈ ಕರೆಗಳಲ್ಲಿ ಹೆಚ್ಚಿನವು ಅಪ್‌ಡೇಟಿನವು. ಅರಸೀಕೆರೆಯಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಚಿಕ್ಕಪ್ಪ ತಿಂಗಳಿಗೊಮ್ಮೆಯಾದರೂ ಕೇಳುತ್ತಾರೆ: 'ಏನಪ್ಪಾ, ಬಲಗಡೆ ಕೆಳಗೆ ಬಂದು ಕೂತಿದೆ. ಅಪ್‌ಡೇಟ್ ಕೊಡ್ಲಾ, ಬೇಡ್ವಾ?' ಅವರು ಅಪ್‌ಡೇಟ್ 'ಕೊಡುತ್ತಾರೆ', ಹಸುವಿಗೆ ಹಿಂಡಿ ಕೊಟ್ಟ ಹಾಗೆ. ಈಗಿನ ಯಂತ್ರಗಳು ಕೊಟ್ಟರೆ ತಿನ್ನುವ ಜಾತಿಯವಲ್ಲ, ಹಗ್ಗ ಬಿಚ್ಚಿಕೊಂಡು ಬಣವೆಗೇ ನುಗ್ಗುವಂಥವು. ಅದನ್ನು ಅವರಿಗೆ ಹೇಳಲು ಹೋಗಿಲ್ಲ. 'ಈಗ ಬೇಡಿ ಚಿಕ್ಕಪ್ಪ, ರಾತ್ರಿ ಅಂಗಡಿ ಮುಚ್ಚುವಾಗ ಕೊಡಿ, ಕರೆಂಟ್ ಹೋಗದ ಹಾಗೆ ನೋಡ್ಕೊಳ್ಳಿ' ಎನ್ನುತ್ತೇನೆ.

ಇಷ್ಟೆಲ್ಲ ರಗಳೆ ಇದ್ದರೂ ಅಪ್‌ಡೇಟ್ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಾರಣ 2017ರ ಮೇ 12. ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಅಂದು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಆಂಧ್ರಪ್ರದೇಶ ಪೊಲೀಸರ ಕೆಲವು ಕಂಪ್ಯೂಟರುಗಳೂ ಕೆಟ್ಟವು. ಸಂಕಟದ ಸಂಗತಿಯೆಂದರೆ, ಆ ರಂಧ್ರ ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಸಮಯವಿತ್ತು. 'ನಾಳೆ ನೆನಪಿಸು' ಎಂಬ ಗುಂಡಿ ಒತ್ತುತ್ತಾ ಬಂದವರ ಪಾಲಿಗೆ ನಾಳೆ ಎಂಬುದು ಹಾಗೆ ಬಂತು.

ಹಾಗಿದ್ದೂ ಜನ ಹೆದರುತ್ತಾರೆ ಅಂದರೆ ಅವರದು ಬರೀ ಸೋಮಾರಿತನವಲ್ಲ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ನವೆಂಬರಿನಲ್ಲಿ ಸರಿಪಡಿಸಿ ಮತ್ತೆ ಬಿಟ್ಟಿತು. ಇನ್ನು 2024ರ ಜುಲೈ 19 ನಿಮಗೂ ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಸಣ್ಣ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಹೈದರಾಬಾದಿನಿಂದ ಹೊರಟವರೊಬ್ಬರ ಕೈಬರಹದ ಪಾಸಿನ ಚಿತ್ರ ಅಂದು ದೇಶವೆಲ್ಲ ಸುತ್ತಿತು. ಕಂಪನಿ ಆ ಅಪ್‌ಡೇಟನ್ನು 78 ನಿಮಿಷಗಳಲ್ಲಿ ವಾಪಸ್ ಪಡೆಯಿತು. ಆದರೆ ಅಷ್ಟರಲ್ಲಿ ಅದನ್ನು ನುಂಗಿದ್ದ ಯಂತ್ರಗಳಲ್ಲಿ ಬಹುಪಾಲಿನ ಹತ್ತಿರ ಯಾರಾದರೂ ನಡೆದುಹೋಗಿ, ಸೇಫ್ ಮೋಡಿನಲ್ಲಿ ತೆರೆದು, ಒಂದು ಕಡತವನ್ನು ಕೈಯಾರೆ ಅಳಿಸಬೇಕಾಯಿತು.

ಆ ದಿನದ ಕತೆಯಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಬೇರೆಯೇ. ಎಷ್ಟೋ ಕಂಪನಿಗಳು 'ಹೊಸ ಆವೃತ್ತಿ ನಮಗೆ ತಕ್ಷಣ ಬೇಡ, ಒಂದು ಹಿಂದಿನದೇ ಇರಲಿ' ಎಂದು ವ್ಯವಸ್ಥೆ ಮಾಡಿಕೊಂಡಿದ್ದವು. ಈ ಬಗೆಯ ಅಪ್‌ಡೇಟ್‌ಗೆ ಆ ಕಟ್ಟುಪಾಡು ಅನ್ವಯಿಸುತ್ತಿರಲಿಲ್ಲ. ಎಚ್ಚರ ವಹಿಸಿದವನಿಗೂ ಪೆಟ್ಟು ಬಿತ್ತು, ವಹಿಸದವನಿಗೂ ಬಿತ್ತು. ಅಪ್‌ಡೇಟ್ ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ವಾದ ಮಾಡುತ್ತಾ ಕೂರುತ್ತೇವೆ. ಕೇಳಬೇಕಾದ್ದು, ಹೌದು-ಅಲ್ಲ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ ಎಂದು.

ಈಗ ವಿಂಡೋಸ್ 10ರ ವಿಷಯಕ್ಕೆ ಬರೋಣ, ಯಾಕೆಂದರೆ ಊರಿನ ಅಂಗಡಿಗಳಿಗೆಲ್ಲ ಬಿಸಿ ತಟ್ಟಿರುವುದು ಅಲ್ಲೇ. 2015ರ ಜುಲೈನಲ್ಲಿ ಬಂದ ಅದಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ಮುಗಿಯಿತು. ಹತ್ತು ವರ್ಷ ಕಡಿಮೆ ಅವಧಿಯೇನಲ್ಲ, ಅದನ್ನು ಒಪ್ಪಬೇಕು. ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ವಿಂಡೋಸ್ 11 ಹಾಕಿಕೊಳ್ಳಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದು ಅಥವಾ ಅದರ ನಂತರದ್ದಾಗಿರಬೇಕು. ಎಂಟನೇ ತಲೆಮಾರು ಬಂದದ್ದೇ 2017ರಲ್ಲಿ. ಅಂದರೆ 2016ರಲ್ಲಿ ಕೊಂಡ, ಕೀಲಿಮಣೆಯ ಅಕ್ಷರ ಮಾತ್ರ ಸವೆದಿರುವ, ಬೇರೆಲ್ಲ ಗಟ್ಟಿಯಾಗಿರುವ ಯಂತ್ರ ಹೊರಗುಳಿಯಿತು. ಹೀಗೆ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಗುಜರಿಗೆ ಹೋಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು.

ಒಂದು ವರ್ಷದ ಮಟ್ಟಿಗೆ ಭದ್ರತಾ ತೇಪೆಗಳನ್ನು ವಿಸ್ತರಿಸಿಕೊಳ್ಳುವ ದಾರಿಯಿದೆ, 2026ರ ಅಕ್ಟೋಬರ್ 13ರವರೆಗೆ. ಅಮೆರಿಕದಲ್ಲಿ ಅದರ ಬೆಲೆ 30 ಡಾಲರ್. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡಿಗೆ ಕೊಟ್ಟರೆ ಪುಕ್ಕಟೆ. ಯುರೋಪಿನ ಗ್ರಾಹಕ ಸಂಘಟನೆಗಳು 'ತೇಪೆ ಬೇಕಾದರೆ ಕ್ಲೌಡಿಗೆ ಬಾ ಎನ್ನುವುದು ಯಾವ ನ್ಯಾಯ' ಎಂದು ಕೇಳಿದವು. ಅಲ್ಲಿನವರಿಗೆ ಆ ಬ್ಯಾಕಪ್ ಷರತ್ತು ಸಡಿಲವಾಯಿತು. ನಾವು ಕೇಳಲಿಲ್ಲ.

ಆದರೆ ಡಿಟಿಪಿ ಅಂಗಡಿಯ ನಿಜವಾದ ಗಂಟು ವಿಂಡೋಸ್‌ನಲ್ಲಿಲ್ಲ, ಪೇಜ್‌ಮೇಕರಿನಲ್ಲಿದೆ. ಅಡೋಬಿಯ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದೇ ಕೊನೆಯ ಆವೃತ್ತಿ. ಇಪ್ಪತ್ತು ವರ್ಷ ದಾಟಿದರೂ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮದುವೆ ಕರೆಯೋಲೆ, ತಿಥಿ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್ಲು ಅದರಲ್ಲೇ ಹುಟ್ಟುತ್ತವೆ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳೇ ಗತಿ. ಆ ಫಾಂಟುಗಳಲ್ಲಿ ಕನ್ನಡ ಕಾಣುವುದು ಕಣ್ಣಿಗೆ ಮಾತ್ರ. ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ 'ಚಿ. ಸೌ.' ಎಂದು ಶುರುವಾಗುವ ಕರೆಯೋಲೆ ಚುಕ್ಕಿ, ಗೆರೆ, ಕೊಂಬು ಇಟ್ಟ ಇಂಗ್ಲಿಷ್ ಗೊಜ್ಜಾಗಿ ಕಾಣುತ್ತದೆ. ಚಿಕ್ಕಪ್ಪನ ಅಂಗಡಿಯಲ್ಲಿ ಇಂಥ ಹದಿನೆಂಟು ವರ್ಷದ ಕಡತಗಳಿವೆ. ಅಪ್ಪನ ಮದುವೆಯ ಅಚ್ಚುಮೊಳೆಯ ಕರೆಯೋಲೆ ಕಾಗದದ ಮೇಲೆ ಇನ್ನೂ ಓದಲು ಬರುತ್ತದೆ. ಮಗನ ಮದುವೆಯ ಕರೆಯೋಲೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಂಬ ಖಾತ್ರಿಯಿಲ್ಲ. ಹಳೆಯ ಯಂತ್ರ ಬಿಡಲು ಅವರು ಯಾಕೆ ಒಪ್ಪುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ.

ಅಪ್‌ಡೇಟಿನಿಂದ ಕನ್ನಡಕ್ಕೆ ಒಳ್ಳೆಯದೇ ಆಗಿಲ್ಲವೆಂದೇನಲ್ಲ. ಇಂಗ್ಲಿಷ್ ಕೀಲಿಮಣೆಯ ಉಚ್ಚಾರಣೆಯಂತೆ ಕನ್ನಡ ಟೈಪಿಸುವ ಫೊನೆಟಿಕ್ ಕೀಲಿಮಣೆ ವಿಂಡೋಸ್ 10ಕ್ಕೆ ಸೇರಿದ್ದು 2019ರ ಮೇ ತಿಂಗಳ ಅಪ್‌ಡೇಟಿನಲ್ಲಿ. ಅದಕ್ಕೆ ಮೊದಲು ಹೊಸ ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಕನ್ನಡ ಬರೆಯಬೇಕೆಂದರೆ ಇನ್‌ಸ್ಕ್ರಿಪ್ಟ್ ಕಲಿತಿರಬೇಕಿತ್ತು, ಇಲ್ಲವೇ ಬೇರೆ ತಂತ್ರಾಂಶ ಹುಡುಕಬೇಕಿತ್ತು.

ಬೀಗ ಹಾಕಿದ ಯಂತ್ರಗಳ ಮಾತಿಗೆ ಬಂದರೆ, ದಿನಾ ನೋಡುವ ಮೊದಲ ಬೀಗ ನನ್ನ ಕಚೇರಿಯ ಲ್ಯಾಪ್‌ಟಾಪಿನದು. ಸಾಫ್ಟ್‌ವೇರ್ ಬರೆಯುವುದಕ್ಕೇ ಸಂಬಳ ಪಡೆಯುವ ನನಗೆ ಅದರಲ್ಲಿ ಒಂದು ಕನ್ನಡ ಫಾಂಟ್ ಹಾಕಿಕೊಳ್ಳುವ ಅಧಿಕಾರವಿಲ್ಲ. ಟಿಕೆಟ್ ಹಾಕಬೇಕು, ಮ್ಯಾನೇಜರ್ ಒಪ್ಪಬೇಕು, ಇನ್ನೊಂದು ಊರಿನಲ್ಲಿ ಕೂತ ಯಾರೋ ಕಾರಣ ಕೇಳಬೇಕು. ಓದುಗರಲ್ಲಿ ಅರ್ಧ ಜನ ಇದೇ ಅವಸ್ಥೆಯಲ್ಲಿದ್ದೀರಿ ಎಂದುಕೊಂಡಿದ್ದೇನೆ. ಆದರೂ ಇದರ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರ ಅವರದು, ದತ್ತಾಂಶ ಅವರ ಗ್ರಾಹಕರದು, ಬೀಗ ಅವರೇ ಹಾಕಲಿ. ಸಿಟ್ಟು ಬರುವುದು ನಾನೇ ದುಡ್ಡು ಕೊಟ್ಟು ಕೊಂಡ ವಸ್ತುವಿನ ಬೀಗದ ಕೈ ಅಂಗಡಿಯವನ ಹತ್ತಿರವೇ ಉಳಿದಾಗ.

ಇದು ಹಳೆಯ ಸಿಟ್ಟು. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಸುದ್ದಿ ಹೋಗುವಂತೆ ಅದರ ಪ್ರೋಗ್ರಾಮನ್ನು ತಿದ್ದಿಟ್ಟಿದ್ದರು. ಆಮೇಲೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದರ ಮೂಲ ಸಂಕೇತ ಯಾರೂ ಕೊಡಲಿಲ್ಲ, ತಿದ್ದಲಾಗಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರ ಹಿಂದೆ ಈ ಪ್ರಿಂಟರಿನ ಕಹಿಯೂ ಇತ್ತು. ಪ್ರಪಂಚದ ಅತಿ ದೊಡ್ಡ ಸಾಫ್ಟ್‌ವೇರ್ ಚಳವಳಿಯ ಬೇರಿನಲ್ಲಿ ಪೇಪರ್ ಜಾಮ್ ಇದೆ ಎಂದಾಗ ಚಿಕ್ಕಪ್ಪ ನಕ್ಕು, 'ಹಂಗಾರೆ ನಾನೂ ಒಂದು ಚಳವಳಿ ಶುರು ಮಾಡ್ಬೇಕಿತ್ತು' ಎಂದರು.

ಪ್ರಿಂಟರುಗಳ ಚಾಳಿ ಈಗಲೂ ಬದಲಾಗಿಲ್ಲ. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಹಲವು ಪ್ರಿಂಟರುಗಳು ಒಂದೇ ದಿನ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ಒಪ್ಪುವುದು ನಿಲ್ಲಿಸಿದವು. ಗದ್ದಲವಾದ ಮೇಲೆ ಕಂಪನಿ ಅದನ್ನು ತೆಗೆದುಹಾಕುವ ಇನ್ನೊಂದು ಅಪ್‌ಡೇಟ್ ಕೊಟ್ಟಿತು. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಅಪ್‌ಡೇಟಿನ ಮೂಲಕ ತಗ್ಗಿಸುತ್ತಿದ್ದೇವೆ ಎಂದು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನ್ ದಿಢೀರನೆ ಆಫ್ ಆಗದಿರಲಿ ಎಂಬುದೇ ಉದ್ದೇಶ ಎಂದಿತು. ಇರಬಹುದು. ಗ್ರಾಹಕರಿಗೆ ತಿಳಿಸಲಿಲ್ಲವೆಂದು ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೊ ದಂಡ ಹಾಕಿತು. ಬ್ಯಾಟರಿ ಬದಲಿಸಿದರೆ ಸಾಕು ಎಂದು ಗೊತ್ತಿದ್ದರೆ ಎಷ್ಟು ಜನ ಹೊಸ ಫೋನ್ ಕೊಳ್ಳುತ್ತಿದ್ದರು?

ಹೀಗೆಂದು ಬೀಗವೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಊರಿನಲ್ಲಿ ಅಪ್ಪನ ವಾಟ್ಸ್‌ಆ್ಯಪಿಗೆ ಕಳೆದ ವರ್ಷ ಒಂದು 'ಮದುವೆ ಕರೆಯೋಲೆ' ಬಂತು. ಚಿತ್ರವಲ್ಲ, ಪಿಡಿಎಫ್ ಅಲ್ಲ, ಎಪಿಕೆ ಕಡತ. ಒತ್ತಿದ್ದರೆ ಕರೆಯೋಲೆಯ ಬದಲು ಬ್ಯಾಂಕಿನ ಒಟಿಪಿ ಓದುವ ಆ್ಯಪ್ ಫೋನಿನಲ್ಲಿ ಕೂರುತ್ತಿತ್ತು. ಹಲವು ರಾಜ್ಯಗಳ ಪೊಲೀಸರು ಈ ಮೋಸದ ಬಗ್ಗೆ ಎಚ್ಚರಿಸಿದ್ದಾರೆ. ಅಪ್ಪ ಒತ್ತಿದರು. ಫೋನ್ ಬಿಡಲಿಲ್ಲ, 'ಅಪರಿಚಿತ ಮೂಲ' ಎಂದು ತಡೆಯಿತು. ಅವರಿಗೆ ಆ ತಡೆ ದಾಟುವ ದಾರಿ ಗೊತ್ತಿರಲಿಲ್ಲ. ಆ ದಿನ ನಾನು ಬೀಗಕ್ಕೆ ಕೈ ಮುಗಿದೆ.

ಅದೇ ಬೀಗ ನನ್ನ ಫೋನಿನಲ್ಲಿ ಬೇರೆ ಮುಖ ತೋರಿಸುತ್ತದೆ. ನಾಲ್ಕು ವರ್ಷದ ಹಿಂದಿನ ಫೋನಿಗೆ ಕಂಪನಿಯ ಅಪ್‌ಡೇಟ್ ನಿಂತುಹೋಗಿದೆ. ಲಿನಿಯೇಜ್ ಓಎಸ್‌ನಂಥ ಸಮುದಾಯದ ಆಂಡ್ರಾಯ್ಡ್ ಹಾಕಿದರೆ ಹೊಸ ಭದ್ರತಾ ತೇಪೆಗಳು ಬರುತ್ತವೆ, ಆದರೆ ಬೂಟ್‌ಲೋಡರಿನ ಬೀಗ ತೆಗೆಯಬೇಕು. ತೆಗೆದರೆ ಬ್ಯಾಂಕಿನ ಆ್ಯಪು 'ಈ ಸಾಧನ ಸುರಕ್ಷಿತವಲ್ಲ' ಎಂದು ಮುನಿಸಿಕೊಳ್ಳುತ್ತದೆ. ಮೂರು ವರ್ಷದಿಂದ ತೇಪೆ ಕಾಣದ, ಆದರೆ ಬೀಗ ಇರುವ ಫೋನ್ ಅದರ ಕಣ್ಣಿಗೆ ಸುರಕ್ಷಿತ. ತೇಪೆ ಇದ್ದು ಬೀಗ ತೆಗೆದದ್ದು ಅಸುರಕ್ಷಿತ. ಇದರ ತರ್ಕ ವಿವರಿಸಿ ಎಂದು ಯಾವ ಬ್ಯಾಂಕಿನವರನ್ನೂ ಕೇಳಲು ಹೋಗಬೇಡಿ.

ಈ ಬೀಗ ಇನ್ನೂ ಬಿಗಿಯಾಗುತ್ತಿದೆ. ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್‌ಗಳೂ ಗುರುತು ದೃಢಪಡಿಸಿಕೊಂಡ ಡೆವಲಪರ್‌ಗಳದ್ದೇ ಆಗಿರಬೇಕೆಂದು ಗೂಗಲ್ 2025ರ ಆಗಸ್ಟಿನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಿಂದ ಶುರು, ಆಮೇಲೆ ಉಳಿದ ದೇಶಗಳಿಗೆ ಎಂದಿತು. ಮುಕ್ತ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್ ಕಟುವಾಗಿ ವಿರೋಧಿಸಿತು. ಅನುಭವವಿರುವವರು ಎಚ್ಚರಿಕೆ ಓದಿ ಮುಂದುವರಿಯಲು ಒಂದು ದಾರಿ ಇಡುತ್ತೇವೆ ಎಂದು ಗೂಗಲ್ ನಂತರ ಹೇಳಿತು. ಅಪ್ಪನ ಫೋನಿಗೆ ಈ ನಿಯಮ ಇರಲಿ ಎಂದೇ ನನ್ನ ಮತ. ನನ್ನ ಫೋನಿಗೆ ಬೇಡ. ಎರಡನ್ನೂ ಒಟ್ಟಿಗೆ ಹೇಳಿದರೆ ಇಬ್ಬಂದಿ ಮಾತು ಎನ್ನಿಸಬಹುದು, ಆದರೆ ಮನೆಗೂ ನಾವು ಹಾಗೆಯೇ ಮಾಡುತ್ತೇವಲ್ಲ? ಬಾಗಿಲಿಗೆ ಬೀಗ ಬೇಕು, ಕೀಲಿಕೈ ಮನೆಯವರ ಸೊಂಟದಲ್ಲಿರಬೇಕು.

ಕಾನೂನಿನ ಕತೆ ಚಿಕ್ಕದು. ಯುರೋಪಿನಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದಂತೆ, ಫೋನಿನ ಮಾದರಿಯೊಂದರ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ 'ದುರಸ್ತಿಯ ಹಕ್ಕು' ಪೋರ್ಟಲ್ ತೆರೆಯಿತು. ಕಂಪನಿಗಳು ಅಲ್ಲಿ ಬಿಡಿಭಾಗ, ವಾರಂಟಿ, ಸರ್ವಿಸ್ ಸೆಂಟರುಗಳ ವಿವರ ಹಾಕುತ್ತವೆ. ವಿವರ ಹಾಕುವುದು ಬೇರೆ, ಕಡ್ಡಾಯ ಬೇರೆ. ನಮ್ಮ ದೇಶದ ನಿಜವಾದ ದುರಸ್ತಿ ಇಲಾಖೆ ಇರುವುದು ಬೀದಿಯಲ್ಲಿ: ಬೆಂಗಳೂರಿಗೆ ಎಸ್.ಪಿ. ರಸ್ತೆ, ಮುಂಬೈಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಗೆ ರಿಚಿ ಸ್ಟ್ರೀಟ್, ದೆಹಲಿಗೆ ನೆಹರೂ ಪ್ಲೇಸ್, ನಮಗೆ ಸಿಕಂದರಾಬಾದಿನ ಸಿಟಿಸಿ. ಸಿಟಿಸಿಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಮತ್ತು ರ್‍ಯಾಮ್ ಹಾಕಿಸಿಕೊಂಡು ಹೊರಬರುವಾಗ, ಯಂತ್ರಕ್ಕೆ ವಯಸ್ಸಾಗಿದೆ ಎಂದು ಹೇಳಿದವನು ಸುಳ್ಳು ಹೇಳಿದ್ದ ಎನ್ನಿಸುತ್ತದೆ.

ಹಾಗಾದರೆ ಲಿನಕ್ಸ್ ಹಾಕಿಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುವ ಗೆಳೆಯರು ನಿಮಗೂ ಇದ್ದಾರು. ನಾನೂ ಕಳೆದ ದಸರಾಕ್ಕೆ ಊರಿಗೆ ಹೋದಾಗ ಚಿಕ್ಕಪ್ಪನ ಅಂಗಡಿಯ ಎರಡನೇ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಮುಕ್ಕಾಲು ಗಂಟೆಯ ಕೆಲಸ. ಆ ಹಳೆಯ ಯಂತ್ರ ಎದ್ದು ಓಡಾಡಿತು. ಮಿಂಟ್ 22ಕ್ಕೆ 2029ರವರೆಗೆ ತೇಪೆಗಳು ಬರುತ್ತವೆ, ಯಾವಾಗ ಹಾಕಬೇಕೆಂಬುದು ಚಿಕ್ಕಪ್ಪನ ಇಷ್ಟ. ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಕೀಲಿಮಣೆಯ ಪಟ್ಟಿ. ಅದರಲ್ಲಿ 'ಕಗಪ' ವಿನ್ಯಾಸ ಮೊದಲೇ ಇತ್ತು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯ ಮೂಲಕ ಇಡೀ ಕರ್ನಾಟಕದ ಡಿಟಿಪಿ ಕೈಗಳಿಗೆ ಅಭ್ಯಾಸವಾಗಿರುವ ಅದೇ ವಿನ್ಯಾಸ. ಚಿಕ್ಕಪ್ಪ ಕೀಲಿಮಣೆ ನೋಡದೆ 'ಶ್ರೀ ಗಣೇಶಾಯ ನಮಃ' ಎಂದು ಬರೆದರು, ಬಂತು.

ಆಮೇಲೆ ಪ್ರಿಂಟರ್. ನಮ್ಮೂರ ಕಡೆ ಬಹುತೇಕ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಆ ಪುಟ್ಟ ಲೇಸರ್ ಪ್ರಿಂಟರ್, ಹೆಸರು ಬೇಡ. ಅದು ಮಾತಾಡುವ ಭಾಷೆ ಅದರ ಕಂಪನಿಗೆ ಮಾತ್ರ ಗೊತ್ತು. ಲಿನಕ್ಸಿಗೆಂದು ಕಂಪನಿ ಕೊಟ್ಟ ಡ್ರೈವರ್ ಹಳತು, ಹೊಸ ಆವೃತ್ತಿಯಲ್ಲಿ ಕೂರುವುದಿಲ್ಲ. ಯಾರೋ ಉತ್ಸಾಹಿಗಳು ಆ ಭಾಷೆಯನ್ನು ಬಿಡಿಸಿ ಡ್ರೈವರ್ ಬರೆದಿದ್ದಾರೆ. ಒಂದು ಹಾಳೆ ಬರುತ್ತದೆ, ಎರಡನೆಯದು ಬಂದರೆ ಪುಣ್ಯ. ಎರಡು ಸಂಜೆ ಅದಕ್ಕೇ ಹೋಯಿತು. ಪೇಜ್‌ಮೇಕರನ್ನು ವೈನ್ ಎಂಬ ಉಪಾಯದಿಂದ ಲಿನಕ್ಸಿನಲ್ಲಿ ಓಡಿಸಬಹುದು ಎನ್ನುತ್ತಾರೆ. ಮುಂದೆ ಕಾರ್ತಿಕದ ಮದುವೆಗಳಿದ್ದವು, ಪ್ರಯೋಗ ಮಾಡಲಿಲ್ಲ. ಕೊನೆಗೆ ಹೀಗೆ ಗೊತ್ತುಮಾಡಿದೆವು: ಹಳೆಯ ವಿಂಡೋಸ್ ಯಂತ್ರಕ್ಕೆ ಪೇಜ್‌ಮೇಕರ್, ಪ್ರಿಂಟರ್ ಇರುತ್ತವೆ, ಇಂಟರ್ನೆಟ್ ಇರುವುದಿಲ್ಲ, ವೈರು ಕಿತ್ತಿಟ್ಟಿದ್ದೇವೆ. ಪಹಣಿ, ಆಧಾರ್, ಪರೀಕ್ಷೆಯ ಅರ್ಜಿ, ಇಮೇಲ್ ಎಲ್ಲ ಮಿಂಟ್‌ನಲ್ಲಿ. ನಡುವೆ ಪೆನ್‌ಡ್ರೈವ್. ಎಂ.ಟೆಕ್ ಪ್ರೊಫೆಸರರು ಈ ವಿನ್ಯಾಸಕ್ಕೆ ಎಷ್ಟು ಅಂಕ ಕೊಡುತ್ತಿದ್ದರೋ, ಅಂಗಡಿಯಂತೂ ನಡೆಯುತ್ತಿದೆ.

ಮುಕ್ತ ತಂತ್ರಾಂಶದವರ ಜೊತೆ ನನಗಿರುವ ಜಗಳ ಪ್ರಿಂಟರಿನದಲ್ಲ, ನಡತೆಯದು. ಹೊಸಬನೊಬ್ಬ ಸಹಾಯ ಕೇಳಿದರೆ ಬರುವ ಮೊದಲ ಉತ್ತರ 'ಕೈಪಿಡಿ ಓದಿ ಬಾ'. ಎರಡನೆಯದು 'ನೀನು ಹಾಕಿಕೊಂಡ ಲಿನಕ್ಸೇ ಸರಿಯಿಲ್ಲ'. ಮೂರನೆಯದು 'ಕೋಡ್ ತೆರೆದಿದೆ, ನೀನೇ ಸರಿ ಮಾಡು'. ಅರಸೀಕೆರೆಯ ಅಂಗಡಿಯವನಿಗೆ ಮೂಲ ಸಂಕೇತ ತೆರೆದಿದ್ದರೇನು, ಮುಚ್ಚಿದ್ದರೇನು? ಬಾಗಿಲು ತೆರೆದಿಟ್ಟು, ಒಳಗೆ ಬಂದವನನ್ನು ಜಾಣತನದಿಂದ ಹೊರದಬ್ಬುವ ಸಂಸ್ಕೃತಿ ಇದು. ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಸ್ವತಃ 2018ರ ಸೆಪ್ಟೆಂಬರಿನಲ್ಲಿ ತಮ್ಮ ಒರಟು ಮಾತುಗಳಿಗೆ ಕ್ಷಮೆ ಕೇಳಿ ಕೆಲಕಾಲ ರಜೆ ತೆಗೆದುಕೊಂಡರು. ಅಲ್ಲಿಂದೀಚೆಗೆ ಸ್ವಲ್ಪ ಮೆತ್ತಗಾಗಿದೆ.

ಆದರೆ ಈ ಸಿಡುಕಿನ ಹಿಂದೆ ದಣಿವೂ ಇದೆ. ಅದು ನನಗೆ ಅರ್ಥವಾದದ್ದು 2024ರ ಮಾರ್ಚ್ 29ರ ನಂತರ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದೆ. ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸ್ಸೆ ಕೋಲಿನ್. ಕೆಲಸ ನಿಧಾನವಾಗುತ್ತಿದೆ ಎಂದು ಜನ ಒತ್ತಾಯಿಸತೊಡಗಿದಾಗ, ಮಾನಸಿಕ ಆರೋಗ್ಯದ ತೊಂದರೆಯಿದೆ, ಇದು ಹಣ ಬರದ ಹವ್ಯಾಸದ ಕೆಲಸ ಎಂದು ಅವರು 2022ರಲ್ಲಿ ಬಹಿರಂಗವಾಗಿಯೇ ತಿಳಿಸಿದ್ದರು. ಆ ಹೊತ್ತಿಗೆ ನೆರವಿನ ಕೈ ಚಾಚಿ ಬಂದವನ ಹೆಸರು ಜಿಯಾ ಟ್ಯಾನ್. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಅಧಿಕಾರ ಪಡೆದು, ಕೊನೆಗೆ ಅದರೊಳಗೆ ಹಿಂಬಾಗಿಲು ಇಟ್ಟ. ಪತ್ತೆಯಾದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತನ್ನ ಯಂತ್ರದ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎನ್ನಿಸಿದ್ದರಿಂದ. ಬಹುಪಾಲು ಸರ್ವರುಗಳಿಗೆ ಅದು ತಲುಪುವ ಮೊದಲೇ ಸಿಕ್ಕಿತು. ಜಿಯಾ ಟ್ಯಾನ್ ನಿಜಕ್ಕೂ ಯಾರು ಎಂಬುದು ಬಯಲಾಗಿಲ್ಲ.

ಅರ್ಧ ಸೆಕೆಂಡ್! ನಮ್ಮ ಬ್ಯಾಂಕು, ಆಸ್ಪತ್ರೆ, ರೈಲು ಬುಕಿಂಗ್‌ಗಳ ಹಿಂದಿರುವ ಎಷ್ಟೋ ಸರ್ವರುಗಳು ಇಂಥ ಒಂಟಿ ಮನುಷ್ಯರ ಬಿಡುವಿನ ವೇಳೆಯ ಮೇಲೆ ನಿಂತಿವೆ. ಹೈಟೆಕ್ ಸಿಟಿಯ, ಹಿಂಜೆವಾಡಿಯ, ಓಎಂಆರ್‌ನ ನಮ್ಮ ಸಂಬಳಗಳೂ ಅದರ ಮೇಲೆಯೇ. 2021ರ ಡಿಸೆಂಬರಿನಲ್ಲಿ ಲಾಗ್4ಜೆಯ ರಂಧ್ರ ಹೊರಬಿದ್ದಾಗ ವಾರಗಟ್ಟಲೆ ನಿದ್ದೆಗೆಟ್ಟವರು ಈ ಅಂಕಣದ ಓದುಗರಲ್ಲೂ ಇರಬೇಕು. ಅದನ್ನು ನೋಡಿಕೊಳ್ಳುತ್ತಿದ್ದವರೂ ಬಹುಪಾಲು ಸ್ವಯಂಸೇವಕರೇ. ಊರಿನ ಪ್ರಿಂಟರ್ ರಿಪೇರಿ ಸಂಬಳವಿಲ್ಲದ ಉದ್ಯೋಗ ಎಂದು ಗೊಣಗುವ ನಾವು, ಕಚೇರಿಯಲ್ಲಿ ಅದೇ ಜಾತಿಯ ಕೆಲಸದ ಫಲವನ್ನು ಉಣ್ಣುತ್ತಿದ್ದೇವೆ. ಬೆಂಗಳೂರಿನ ಝೆರೋಧಾ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿದಾಗ ಅದು ಸುದ್ದಿಯಾಯಿತು. ಸುದ್ದಿಯಾಗುವಷ್ಟು ಅಪರೂಪ ಎನ್ನುವುದೇ ಬೇಸರದ ವಿಷಯ.

ಕನ್ನಡದ ಮಟ್ಟಿಗಂತೂ ಈ ಸಾಲ ದೊಡ್ಡದು. ಆಂಡ್ರಾಯ್ಡ್ ಫೋನಿನಲ್ಲೋ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲೋ ನೀವು ಈ ಪುಟ ಓದುತ್ತಿದ್ದು, ಅಕ್ಷರಗಳು ಯೂನಿಕೋಡಿನಲ್ಲಿದ್ದರೆ, 'ಸ್ತ್ರೀ'ಯ ಒತ್ತುಗಳು ಸರಿಯಾಗಿ ಕೆಳಗೆ ಕೂತಿದ್ದರೆ, ಅರ್ಕಾವತ್ತು ತನ್ನ ಜಾಗದಲ್ಲಿದ್ದರೆ, ಅದನ್ನು ಕೂರಿಸಿದ್ದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಲೋಹಿತ್, ನೋಟೋ, ಗುಬ್ಬಿ, ನವಿಲು ಫಾಂಟುಗಳು ಮುಕ್ತ. ಇಲ್ಲಿ ಹೈದರಾಬಾದಿನಲ್ಲಿ ಸ್ವೇಚ್ಛಾ ಎಂಬ ಸಂಘಟನೆ ತೆಲುಗಿನಲ್ಲಿ ತಂತ್ರಾಂಶಗಳನ್ನು ತರುವ ಕೆಲಸಕ್ಕೆ ಎಂಜಿನಿಯರಿಂಗ್ ಹುಡುಗರನ್ನು ಸೇರಿಸುತ್ತದೆ. ಬೆಂಗಳೂರಿನಲ್ಲಿ ಎಫ್‌ಎಸ್‌ಎಂಕೆ ಇದೆ. ಪೇಜ್‌ಮೇಕರಿನ ಜಾಗಕ್ಕೆ ಬರಬಲ್ಲ ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶವಿದೆ, ಯೂನಿಕೋಡ್ ಗೊತ್ತಿದೆ. ಅದರಲ್ಲಿ ಒಂದು ಕರೆಯೋಲೆಯನ್ನು ಪೂರ್ತಿ ಕೂರಿಸಿ ನೋಡಿ, ಎಲ್ಲಿ ತಪ್ಪುತ್ತದೆ ಎಂದು ಅವರಿಗೆ ಬರೆದು ತಿಳಿಸಲು ಸಿ++ ಬೇಕಿಲ್ಲ, ಕನ್ನಡ ಬೇಕು. ಚಿಕ್ಕಪ್ಪನ ಹಳೆಯ ಕರೆಯೋಲೆಗಳಲ್ಲಿ ಹತ್ತನ್ನು ನಾನು ತಂದಿಟ್ಟುಕೊಂಡಿದ್ದೇನೆ. ಭಾನುವಾರಗಳಲ್ಲಿ ಒಂದೊಂದನ್ನೇ ಯೂನಿಕೋಡಿಗೆ ತಿರುಗಿಸಿ ಸ್ಕ್ರೈಬಸಿನಲ್ಲಿ ಕೂರಿಸುತ್ತಿದ್ದೇನೆ. ನಾಲ್ಕಾಗಿದೆ.

ಮುಂದಿನ ಸಲ ಊರಿಗೆ ಹೋಗುವವರಿಗೆ ಒಂದೆರಡು ಕೆಲಸದ ಮಾತು. ಮನೆಯಲ್ಲೋ ಅಂಗಡಿಯಲ್ಲೋ ವಿಂಡೋಸ್ 10 ಇದ್ದರೆ ಅಕ್ಟೋಬರ್ 13ರ ಮೊದಲು ಆ ವಿಸ್ತರಣೆ ಹಾಕಿಸಿ, ಇಲ್ಲವೇ ನೆಟ್‌ನಿಂದ ದೂರ ಇಡಿ. ಏನೇ ಮಾಡುವ ಮೊದಲು ಫೋಟೊ, ಕಡತಗಳ ಜೊತೆಗೆ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ, ಎಲ್ಲರೂ ಮರೆಯುವುದು ಅದನ್ನೇ. ಲಿನಕ್ಸ್ ಹಾಕುವ ಯೋಚನೆಯಿದ್ದರೆ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ವೈಫೈ ಮತ್ತು ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಗೊತ್ತಾಗುತ್ತದೆ, ಡಿಸ್ಕ್ ಮುಟ್ಟಬೇಕಿಲ್ಲ. ಪೆನ್‌ಡ್ರೈವ್ 8 ಜಿಬಿಯದಾದರೆ ಸಾಕು.